ಸಾಲುತ್ತೆ ಅಂದ ಬಿಲ್ಡರು

ಹಿಂದಿನ ಬೀದಿಯ ಬಿಲ್ಡರ್ ಸಂಪಂಗಪ್ಪ ನಮ್ಮ ಬೀದೀಲಿ ಇಪ್ಪತ್ತು ಮಹಡಿ ಎಬ್ಬಿಸಿ ಇನ್ನೂರು ಮನೆ ಮಾಡ್ತೀನಿ ಅಂತ ಒಪ್ಪಿಗೆ ಪತ್ರ ಹಿಡ್ಕೊಂಡು ಬಂದ.

"ಇರೋದೊಂದು ನಲ್ಲಿ, ನೀರು ಸಾಲುತ್ತಾ?" ಅಂದ್ರು ಹೆಂಗಸ್ರು.

"ಧಾರಾಳವಾಗಿ ಸಾಲುತ್ತೆ! ಸುಮ್ನೆ ಸಹಿ ಹಾಕ್ರಮ್ಮ."

ನೀರು ಬಿಡೋ ಮಾದಣ್ಣ ಕೈಮುಗಿದ. "ಸಾಲುತ್ತೆ ಅಂದ್ಮೇಲೆ ಸಾಲಿಗೆ ಬನ್ನಿ ಬುದ್ಧಿ. ಇಲ್ಲಿ ಮನೆಗೊಂದು ಬಿಂದಿಗೆ ಇಡೋದು ರೂಢಿ. ನಿಮ್ಮ ಇನ್ನೂರೂ ಇಡಿಸಿ. ತುಂಬಿದ್ರೆ ಎಲ್ರೂ ಸಹಿ ಹಾಕ್ತೀವಿ."

ಸಂಪಂಗಪ್ಪ ಮೀಸೆ ತಿರುವಿ ಲಾರೀಲಿ ಬಿಂದಿಗೆ ತರಿಸಿದ. ಸಾಲು ನಮ್ಮ ಬೀದಿ ಮುಗಿಸಿ ಹಿಂದಿನ ಬೀದಿಗೆ ನುಗ್ತು. ನಲವತ್ತನೇ ಬಿಂದಿಗೆಗೆ ನಲ್ಲಿ ಬುಸ್ ಅಂದು ನಿಂತ್ಹೋಯ್ತು.

ಅಷ್ಟೊತ್ತಿಗೆ ಅವನ ಹೆಂಡತಿ ಫೋನು. "ರೀ, ಯಾವ ಅನಿಷ್ಟಗಳೋ ನಮ್ಮ ಗೇಟಿಗೆ ಅಡ್ಡ ಬಿಂದಿಗೆ ಜೋಡ್ಸವ್ರೆ! ಕಾರು ಈಚೆ ಬರ್ತಿಲ್ಲ. ಯಾರವು?"

ಸಂಪಂಗಪ್ಪ ಪತ್ರ ಮಡಚಿ ಜೇಬಿಗೆ ತುರುಕಿದ. "ನಮ್ಮವೇ ಕಣೇ," ಅಂದ.