ನಡುದನಿ ಮಾರಿದ ಮಾಳಿಂಗ

ಹತ್ತಿರ ಬನ್ನಿ ಮಕ್ಕಳೇ, ಕಾಲು ಮಡಚಿ ಕೂತ್ಕೊಳ್ಳಿ. ಮೂವತ್ತು ಗುಡ್ಡಗಳ ಒಂದು ರಾಜ್ಯವಿತ್ತು. ಅಲ್ಲಿ ಸುದ್ದಿ ಕಾಲಲ್ಲಿ ನಡೆಯುತ್ತಿರಲಿಲ್ಲ, ಕುದುರೆ ಹತ್ತುತ್ತಿರಲಿಲ್ಲ. ಗಾಳಿಯಲ್ಲೇ ಹೋಗುತ್ತಿತ್ತು. ಒಂದು ಗುಡ್ಡದಲ್ಲಿ ಕೊಂಬು ಊದಿದರೆ ಪಕ್ಕದ ಗುಡ್ಡದವರು ಕೇಳಿ ಮುಂದಕ್ಕೆ ಊದುತ್ತಿದ್ದರು.

ಎಲ್ಲರೂ ಒಂದೇ ದನಿಯಲ್ಲಿ ಊದಿದರೆ ಮದುವೆ ಸುದ್ದಿಗೂ ಸಾವಿನ ಸುದ್ದಿಗೂ ಗಂಟು ಬೀಳುತ್ತದಲ್ಲ? ಅದಕ್ಕೇ ರಾಜ ಗಾಳಿಯನ್ನು ಮೂರು ಪಾಲು ಮಾಡಿ ಒಂದೊಂದಕ್ಕೂ ಒಂದೊಂದು ತಾಮ್ರದ ಪಟ ಕೊರೆಸಿದ್ದ. ಪಟ ಯಾರ ಕೈಲಿದೆಯೋ ದನಿ ಅವರದು. ಏರುದನಿ, ಇಳಿದನಿ ಎರಡೂ ಚೆಲುವರಾಯನ ಮನೆತನಕ್ಕೆ. ನಡುದನಿ ಮಾಳಿಂಗನ ಮನೆತನಕ್ಕೆ. ಒಬ್ಬರ ದನಿಯನ್ನು ಇನ್ನೊಬ್ಬರು ಊದುವಂತಿಲ್ಲ.

ಮಾಳಿಂಗನ ಉಸಿರು ಅಂದರೆ ಸಾಮಾನ್ಯವೇ? ಅವನು ಊದಿದರೆ ಮೂರು ಗುಡ್ಡದಾಚೆ ಹುಣಸೆಹಣ್ಣು ಉದುರುತ್ತಿತ್ತು. ಹೆಂಗಸರು ಬುಟ್ಟಿ ಹಿಡಿದು ಕಾಯುತ್ತಿದ್ದರು!

ರಾಜ್ಯದ ತುದಿಯಲ್ಲಿ ಕಡೆಗುಡ್ಡ ಅಂತ ಹನ್ನೊಂದು ಒಲೆಯ ಊರು. ಏರುದನಿಯನ್ನು ದಾರಿಯಲ್ಲೇ ಗಾಳಿ ಹರಿದುಹಾಕುತ್ತಿತ್ತು. ಇಳಿದನಿ ಕಣಿವೆಗೆ ಜಾರಿ ಬೀಳುತ್ತಿತ್ತು. ನಡುದನಿ ಒಂದೇ ಅಲ್ಲಿಗೆ ಹೋಗಿ ಬರುತ್ತಿತ್ತು. ಅಲ್ಲಿ ಯಾರಿಗಾದರೂ ಹೆರಿಗೆನೋವು ಬಂದರೆ ಮೂರು ಸಲ ಉದ್ದಕ್ಕೆ ಊದುತ್ತಿದ್ದರು. ಮಾಳಿಂಗನ ಹೆಂಡತಿ ಗುರವ್ವ ಸೂಲಗಿತ್ತಿ. ಕೇಳಿದ್ದೇ ತಡ, ಸೆರಗು ಸಿಕ್ಕಿಸಿ ಹೊರಡುತ್ತಿದ್ದಳು.

ಒಂದು ದಿನ ಚೆಲುವರಾಯ ಬಂದ. "ಮಾಳಿಂಗಣ್ಣ, ನಡುದನಿ ಮಾರ್ತೀಯಾ? ಬೆಳ್ಳಿಕೊಂಬು ಕೊಡ್ತೀನಿ."

"ಹೋಗಯ್ಯ!" ಅಂದ ಮಾಳಿಂಗ.

ಇನ್ನೊಂದು ದಿನ ಬಂದ. "ಹೆಂಚಿನ ಮನೆ ಕೊಡ್ತೀನಿ."

"ನೋಡೋಣ" ಅಂದ ಮಾಳಿಂಗ.

ಆ 'ನೋಡೋಣ'ವೇ ಕೆಡಿಸಿತು. "ನನ್ನ ದನಿಗೆ ಹೆಂಚಿನ ಮನೆ ಬೆಲೆ ಕಣ್ರೋ!" ಅಂತ ಸಂತೆಯೆಲ್ಲ ಸಾರಿಕೊಂಡು ಬಂದ. ಕೊಂಬು ಬಿರುಕುಬಿಟ್ಟರೆ ಮೇಣ ಮೆತ್ತಲಿಲ್ಲ. ಮಾರುವ ಎತ್ತಿಗೆ ಲಾಳ ಯಾರು ಕಟ್ಟಿಸುತ್ತಾರೆ? ಇವತ್ತೋ ನಾಳೆಯೋ ಮಾರಾಟ ಅಂತ ಗುಡ್ಡಗಳ ಮೇಲಿದ್ದ ಊದುಗಾರರು ಒಬ್ಬೊಬ್ಬರಾಗಿ ಬೇರೆ ಕೆಲಸ ಹಿಡಿದರು.

ಮೂರನೇ ಸಲ ಚೆಲುವರಾಯ ಆನೆಯನ್ನೇ ಹೊಡೆದುಕೊಂಡು ಬಂದ. "ತಗೋ. ಕೊಂಬೂ ನಿನಗೇ ಇರಲಿ, ಊದೋರೂ ನಿನಗೇ ಇರಲಿ. ನನಗೆ ಪಟ ಒಂದು ಸಾಕು."

ಗುರವ್ವ ಒಳಗಿನಿಂದಲೇ ಕೂಗಿದಳು. "ಕೊಂಬು ಬೇಡ, ಊದೋರು ಬೇಡ ಅನ್ನೋನಿಗೆ ಪಟ ಯಾಕ್ರೀ? ಮುಚ್ಚಿಡೋಕೆ! ಆಮೇಲೆ ಸುದ್ದಿಯೆಲ್ಲ ಅವನ ದನಿಯಲ್ಲೇ ಹೋಗ್ಬೇಕಲ್ಲ!"

"ಸುಮ್ನಿರೇ. ಆನೆ ಅಂದ್ರೆ ಆನೆ!"

ಪಟ ಹೋಯಿತು. ಚೆಲುವರಾಯ ಅದನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಳದ ಮೇಲೆ ಕೂತ. "ಹನ್ನೊಂದು ಒಲೆಗೆ ಯಾರು ಉಸಿರು ದಂಡ ಮಾಡ್ತಾರೆ?" ಅಂದ. ಇತ್ತ ಆನೆ ಮೊದಲ ವಾರ ಬಾಳೆಗಿಡ ತಿಂತು, ಎರಡನೇ ವಾರ ಬೇಲಿ ತಿಂತು, ಮೂರನೇ ವಾರ ಮನೆಯ ಸೂರನ್ನೇ ತಿಂತು. ಆದರೂ ಮಾಳಿಂಗ ಅದರ ಮೇಲೆ ಕೂತು ಊರೂರು ಮೆರೆದ.

ಯುಗಾದಿ ಬಂತು. ಅವತ್ತು ರಾಜ ದನಿ ಕೇಳುವ ವಾಡಿಕೆ. ಪಟ ಇದ್ದವನು ಊದಬೇಕು, ಆ ದನಿ ಮುಟ್ಟುವ ಕಡೇ ಊರಿನಿಂದ ಮರುದನಿ ಬರಬೇಕು. ಬರದಿದ್ದರೆ ಪಟ ವಾಪಸ್. ಚೆಲುವರಾಯ ಹತ್ತಿರದ ಬಂಡೆಯ ಹಿಂದೆ ಒಬ್ಬ ಊದುಗಾರನನ್ನು ಬಚ್ಚಿಟ್ಟಿದ್ದ. ತಾನು ನಡುದನಿಯಲ್ಲಿ ಊದಿದ, ಬಂಡೆಯ ಹಿಂದಿನಿಂದ ಮರುದನಿ ಬಂತು. ರಾಜ ತಲೆದೂಗಿದ.

ಅಷ್ಟರಲ್ಲಿ ಗುರವ್ವ ಜನರನ್ನು ಸೀಳಿಕೊಂಡು ಬಂದಳು. ಮೊಣಕಾಲವರೆಗೂ ಧೂಳು.

"ಮಹಾಸ್ವಾಮಿ, ಇನ್ನೊಂದು ಮಾತು ಕೇಳಿಸಿ. ಈ ಹೊತ್ತು ಕಡೆಗುಡ್ಡದಲ್ಲಿ ಒಲೆ ಮೇಲೆ ಏನಿದೆ?"

ಚೆಲುವರಾಯ ನಗುತ್ತಲೇ ಊದಿದ. ಹಬ್ಬದ ದಿನ ಏನಿರುತ್ತದೆ? ಬಂಡೆಯ ಹಿಂದಿನಿಂದ ಕೊಂಬಿನ ಮಾತು ಬಂತು: ಹೋಳಿಗೆ!

"ಅಲ್ಲಿ ಇವತ್ತು ಒಂದು ಒಲೆಯೂ ಹತ್ತಿಲ್ಲ ಸ್ವಾಮಿ" ಅಂದಳು ಗುರವ್ವ. "ಹೆಣ ಎತ್ತೋವರೆಗೆ ಆ ಊರಲ್ಲಿ ಹೊಗೆ ಏಳೋ ಹಾಗಿಲ್ಲ. ಕುಂಬಾರರ ಮಗಳು ನಿಂಗಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ನಿನ್ನೆ ಬೆಳಿಗ್ಗೆ ನೋವು ಬಂತು. ಊದೋಕೆ ದನಿ ಇರಲಿಲ್ಲ. ಅವರಪ್ಪ ನಡೆದು ಬಂದು ನನ್ನ ಕರೆಯೋ ಹೊತ್ತಿಗೆ ಸಂಜೆ ಆಗಿತ್ತು. ನಾನು ಹೋದಾಗ ಮಗು ಇತ್ತು. ತಾಯಿ ಇರಲಿಲ್ಲ."

ಜನರ ನಡುವೆ ಆನೆ ಮೇಲೆ ಕೂತು ನೋಡುತ್ತಿದ್ದ ಮಾಳಿಂಗ ಯಾವಾಗ ಇಳಿದನೋ ಅವನಿಗೇ ಗೊತ್ತಿಲ್ಲ. ನಿಂಗಿ ಹುಟ್ಟಿದ ದಿನ ಆ ಮೂರು ಉದ್ದದ ಊದು ಕೇಳಿ ಗುರವ್ವನನ್ನು ಓಡಿಸಿದವನು ಅವನೇ.

ಬಂಡೆಯ ಹಿಂದಿದ್ದವನನ್ನು ಎಳೆದು ತಂದರು. ರಾಜ ಚೆಲುವರಾಯನ ಮೂರು ಪಟವನ್ನೂ ಕಿತ್ತುಕೊಂಡ. "ದನಿ ಬಚ್ಚಿಟ್ಟವನೇ, ಇನ್ನು ಮೇಲೆ ಕಡೆಗುಡ್ಡದ ಸುದ್ದಿಯನ್ನು ಕಾಲಲ್ಲಿ ಹೊರು" ಅಂದ. ನಡುದನಿಯನ್ನು ಮಾಳಿಂಗನ ಕೈಗೇ ಇಟ್ಟ.

ಮಾಳಿಂಗ ತನ್ನ ಬಿರುಕು ಕೊಂಬನ್ನು ಊದಿದ. ಒಂದು ಹುಣಸೆಹಣ್ಣೂ ಉದುರಲಿಲ್ಲ. ಕಡೆಗುಡ್ಡದಿಂದ ಮರುದನಿಯೂ ಬರಲಿಲ್ಲ. ಊದುವವರು ಯಾರಿದ್ದರು?

ಆನೆಯನ್ನು ಅರಮನೆಗೆ ಬಿಟ್ಟು, ಕೊಂಬಿಗೆ ಮೇಣ ಮೆತ್ತಿ, ಗುಡ್ಡಗುಡ್ಡಕ್ಕೆ ಹೋಗಿ ಹಳೇ ಊದುಗಾರರ ಕಾಲು ಹಿಡಿದು ಕರೆತಂದ. ತಾನು ಕಡೆಗುಡ್ಡಕ್ಕೇ ಹೋಗಿ ಕೂತ. ಆಮೇಲೆ ಅವನ ಕೊಂಬು ಒಂದು ಸಲವೂ ತಪ್ಪಲಿಲ್ಲ. ಯಾರಾದರೂ ಹೊಗಳಿದರೆ, ಅಂಗಳದಲ್ಲಿ ಆಡುವ ನಿಂಗಿಯ ಮಗುವನ್ನು ನೋಡಿ, "ಒಂದು ಸಲ ತಪ್ಪಿದೆ" ಅನ್ನುತ್ತಿದ್ದ.

ನೀತಿ ಇಷ್ಟೇ ಮಕ್ಕಳೇ: ಹತ್ತು ಜನಕ್ಕಾಗಿ ಕೊಟ್ಟದ್ದನ್ನು ತನ್ನದೆಂದು ಮಾರಬಾರದು. ಮಾರಿದ ದನಿ ಮರಳಿ ಬಂದೀತು, ಕೇಳದೆ ಹೋದ ಕೂಗು ಮರಳಿ ಬಾರದು.