ಪದ್ಮರಾಜಯ್ಯನವರು ಬರೆಯದ ರೆಜೆಕ್ಸ್

ಕಾಲೇಜು ಶುರುವಾದರೂ ಯಾರಿಗೂ ಬಸ್ ಪಾಸಿಲ್ಲ. ಯಾವ ಮೊಬೈಲ್ ನಂಬರ್ ಕೊಟ್ಟರೂ ಪಾಸಿನ ವೆಬ್‌ಸೈಟು ‘ತಪ್ಪು’ ಎನ್ನುತ್ತಿತ್ತು. ನಂಬರನ್ನು ತಾಳೆ ನೋಡುವ ಸೂತ್ರಕ್ಕೆ ರೆಜೆಕ್ಸ್ ಎನ್ನುತ್ತಾರೆ. ಅದನ್ನು ಬರೆದವರು ಪಾಸ್ ಆಫೀಸಿನ ಸಾಕ್ಷಾತ್ ಮುಖ್ಯಸ್ಥ ಪದ್ಮರಾಜಯ್ಯನವರು. ಆವರಣ ಚಿಹ್ನೆ, ನಕ್ಷತ್ರ, ಚುಕ್ಕಿಗಳ ಉದ್ದನೆಯ ರಂಗೋಲಿ.

“ಸಂಜೆಯೊಳಗೆ ಸರಿಹೋಗಬೇಕು. ಆದ್ರೆ ನಾನು ಬರೆದಿರೋದ್ರಲ್ಲಿ ಒಂದು ಚುಕ್ಕೀನೂ ಮುಟ್ಟಬಾರದು” ಎಂದು ಪ್ರೋಗ್ರಾಮರ್ ದಾಕ್ಷಾಯಣಿಗೆ ಅಪ್ಪಣೆಯಾಯಿತು.

ದಾಕ್ಷಾಯಣಿಗೆ ಅದರ ತಲೆಬುಡ ತಿಳಿಯಲಿಲ್ಲ. ಬರೆದವರಿಗಾದರೂ ತಿಳಿದಿದೆಯೋ ಇಲ್ಲವೋ ಎಂಬ ಅನುಮಾನ ಬಂತು. ಆಫೀಸಿನವರನ್ನೆಲ್ಲ ಕೂರಿಸಿ, ರೆಜೆಕ್ಸನ್ನು ಪರದೆಯ ಮೇಲೆ ಹಾಕಿ, “ಸಾರ್, ನೀವೇ ಬಿಡಿಸಿ ಹೇಳಿದ್ರೆ ನಾವೂ ಕಲೀತೀವಿ” ಎಂದಳು.

ಪದ್ಮರಾಜಯ್ಯನವರು ಉಬ್ಬಿ ಎದ್ದರು. ಮೊದಲ ಆವರಣದಲ್ಲೇ ತಡವರಿಸಿದರು. “ಇದು ನಂದಲ್ಲ, ಯಾರೋ ತುರುಕಿದಾರೆ. ತೆಗಿಯಮ್ಮ” ಎಂದರು. ದಾಕ್ಷಾಯಣಿ ತೆಗೆದಳು. ಮುಂದಿನದನ್ನೂ ಯಾರೋ ತುರುಕಿದ್ದರು. ಹೀಗೆ ಅರ್ಥವಾಗದ್ದೆಲ್ಲ ಪರರ ಪಾಲಾಗಿ, ಕೊನೆಗೆ ‘ಹತ್ತು ಅಂಕಿ ಇರಬೇಕು’ ಎನ್ನುವ ತುಂಡೊಂದೇ ಉಳಿಯಿತು. ನಂಬರ್ ಹಾಕಿದರು. ವೆಬ್‌ಸೈಟು ತೆಪ್ಪಗೆ ಒಪ್ಪಿಕೊಂಡಿತು.

“ನೋಡಿದ್ಯಾ? ನಾನು ಬರೆದದ್ದರಲ್ಲಿ ಎಲ್ಲಿತ್ತು ತಪ್ಪು?” ಎಂದರು ಪದ್ಮರಾಜಯ್ಯನವರು.

“ಎಲ್ಲೂ ಇರಲಿಲ್ಲ ಸಾರ್. ಇದ್ದ ತಪ್ಪೆಲ್ಲ ನೀವು ಬರೆಯದೇ ಇದ್ದದ್ದರಲ್ಲೇ ಇತ್ತು” ಎಂದಳು ದಾಕ್ಷಾಯಣಿ.