ನೀರನ್ನು ಹೊರಗಟ್ಟಿದ ಮೆತ್ತೆ

ಒಂದು ಕಂಪ್ಯೂಟರಿನೊಳಗೆ ಬರೀ ಲೆಕ್ಕದಿಂದ ಕಟ್ಟಿದ ಮೊಣಕಾಲೊಂದಿತ್ತು. ಅದರ ತೊಡೆಮೂಳೆಯ ಕೆಳಗೆ ಮೃದುವಾದ ಮೆತ್ತೆ, ಮೆತ್ತೆಯ ಸಣ್ಣ ಸಣ್ಣ ರಂಧ್ರಗಳ ತುಂಬ ನೀರು. ಮೂಳೆ ಎತ್ತರದಿಂದ ನೆಗೆದರೆ ಮೊಣಕಾಲು ತಾಳುತ್ತದೆಯೇ ಎಂದು ಅಂದು ಪರೀಕ್ಷೆಯಿತ್ತು.

ಮೆತ್ತೆ ನೀರನ್ನು ಗದರಿತು: "ನೀನಿದ್ದರೆ ಒಂದು ಕ್ಷಣವನ್ನು ಲಕ್ಷ ಚೂರು ಮಾಡಿ ಲೆಕ್ಕ ಹಾಕಬೇಕು. ಎಲ್ಲ ತಡವೂ ನಿನ್ನಿಂದಲೇ. ಹೊರಡು, ನಾನೊಬ್ಬನೇ ಸಾಕು."

ನೀರಿಗೆ ಚುರುಕ್ಕೆಂದಿತು. ಆದರೂ ರಂಧ್ರಗಳನ್ನು ಖಾಲಿ ಮಾಡಿ ಹೊರಟಿತು.

ಮೂಳೆ ನೆಗೆಯಿತು. ಒಣಮೆತ್ತೆ ಮುದುಡಿ, ಒಳಗು ಹೊರಗಾಗಿ, ಲೆಕ್ಕವೇ ಕುಸಿದು ಪರೀಕ್ಷೆ ನಿಂತುಹೋಯಿತು.

ಪರೀಕ್ಷೆಯನ್ನು ಮೊದಲಿನಿಂದ ಹೂಡಿದಾಗ ಮೆತ್ತೆ ತಾನಾಗಿಯೇ ನೀರನ್ನು ಕರೆಯಿತು.

"ಬರುತ್ತೇನೆ. ಆದರೆ ಲೆಕ್ಕ ಪುಟ್ಟ ಹೆಜ್ಜೆಯಲ್ಲೇ ನಡೆಯಬೇಕು, ಒಂದನ್ನೂ ಹಾರಿಸಬಾರದು," ಎಂದಿತು ನೀರು.

"ಆಗಲಿ ಮಾರಾಯ, ಬಾ."

ಮೂಳೆ ಮತ್ತೆ ನೆಗೆಯಿತು. ಭಾರ ಮೈಮೇಲೆ ಬಿದ್ದಾಗ ನೀರು ಹೆದರಿ ಓಡಲು ದಾರಿ ಹುಡುಕಿತು. ರಂಧ್ರಗಳು ಸಣ್ಣವು, ಕ್ಷಣ ಅದಕ್ಕಿಂತ ಸಣ್ಣದು; ಓಡಲಾಗಲಿಲ್ಲ. "ಓಡಲಾಗದಿದ್ದ ಮೇಲೆ ಹೊತ್ತೇಬಿಡೋಣ," ಎಂದು ನೀರು ಅಷ್ಟೂ ಭಾರಕ್ಕೆ ಬೆನ್ನು ಕೊಟ್ಟಿತು. ಮೆತ್ತೆ ತುಸು ತಗ್ಗಿತು, ಅಷ್ಟೇ. ಎಲ್ಲೂ ಕಿತ್ತುಹೋಗಲಿಲ್ಲ.

ಮೂಳೆ ನೆಟ್ಟಗೆ ನಿಂತು ಕೇಕೆ ಹಾಕಿತು: "ಇನ್ನೊಂದು ಸಲ ನೆಗೆಯಲಾ?"

"ಹತ್ತು ಸಲ ನೆಗೆಯಪ್ಪ!" ಎಂದಿತು ಮೆತ್ತೆ. "ತಡವಾದರೆ ಆಗಲಿ. ನೀರಪ್ಪನವರು ಮನೆಯಲ್ಲೇ ಇದ್ದಾರೆ."